ಜೀವವಿಕಾಸವೂ ಬೆಟ್ಟದ ದೇವರೂ
(ಹಂಗಳದಲ್ಲಿ ಸೇರಿದ್ದ ಕಾರ್ಮಿಕರ ಹಾಗೂ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಸಭೆಗೆ ಬರುವ ದಾರಿಯಲ್ಲಿ ಹಿರಿಯ ವರ್ತಕರೊಬ್ಬರು ನನ್ನನ್ನು ತಡೆದು ಕೇಳಿದರು: “ಏನಪ್ಪ, ಇವತ್ತು ಡಾರ್ವಿನ್ನನ ವಿಷಯ ಮಾತಾಡ್ತೀಯಂತೆ. ಅವನ ಮಾತು ಒಪ್ಪಿದ್ರೆ ನಾವು ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗೋದು ಬುಡಬೇಕಾ?”

ಬೆಟ್ಟಕ್ಕೆ ಹೋಗುವ ಭಕ್ತರು ಹಂಗಳದ ಮೇಲೆಯೇ ಹಾದುಹೋಗುವವರು. ಈ ಪ್ರಶ್ನೆಗೆ ಉತ್ತರ ಕೊಡದೆ ಈ ಊರಿನಲ್ಲಿ ವಿಕಾಸವಾದದ ಮಾತೆತ್ತುವುದು ಸರಿಯಲ್ಲ. ಉತ್ತರ ಹೇಳುತ್ತೇನೆ. ಅದಕ್ಕೆ ಮೊದಲು, ಈ ಮಾತು ಏಕೆ ಬಂತೆಂಬುದನ್ನು ಅರಿಕೆ ಮಾಡುತ್ತೇನೆ.

2018ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಖಾತೆಯ ಅಂದಿನ ರಾಜ್ಯಮಂತ್ರಿ ಸತ್ಯಪಾಲ್ ಸಿಂಗ್ ಅವರು ಡಾರ್ವಿನ್ನನ ವಾದ ತಪ್ಪು, ಕೋತಿ ಮನುಷ್ಯನಾದುದನ್ನು ಕಂಡವರಾರೂ ಇಲ್ಲ, ಶಾಲೆಗಳಲ್ಲಿ ಅದನ್ನು ಬದಲಿಸಬೇಕು ಎಂದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದುವು. ಅವುಗಳಲ್ಲೊಂದು ನಮ್ಮ ಬೆಂಗಳೂರಿನದು. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕ ಹೊಸದಾಗಿ ಅಚ್ಚಾಗಿ ಬಂದಾಗ, ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂದಿದ್ದ ಪಾಠ ಬರೀ ‘ಅನುವಂಶೀಯತೆ’ ಆಗಿತ್ತು. ಜೀವವಿಕಾಸದ ಭಾಗ ಹೋಗಿತ್ತು. 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಅಧ್ಯಾಪಕರೂ ಸಹಿ ಹಾಕಿ ಪ್ರತಿಭಟಿಸಿದರು. ಸರ್ಕಾರದವರು ಕೊಟ್ಟ ಸಮಾಧಾನವೇನು? ಕೋವಿಡ್ ಬಂದು ಹೋದ ಮೇಲೆ ಮಕ್ಕಳ ಹೊರೆ ಇಳಿಸಬೇಕಾಗಿತ್ತು. ಆ ಪಾಠ ಹನ್ನೆರಡನೆಯ ತರಗತಿಯಲ್ಲಿ ಇದ್ದೇ ಇದೆ ಎಂದು. ಈ ಸಮಾಧಾನದ ಮಾತನ್ನು ನೆನಪಿಟ್ಟುಕೊಳ್ಳಿ. ಕೊನೆಗೆ ಮತ್ತೆ ಅದಕ್ಕೆ ಬರುತ್ತೇನೆ.

ಮೊದಲು, ವಿಕಾಸವಾದ ಹೇಳುವುದೇನು? ಕೋತಿ ಒಂದು ದಿನ ಎದ್ದು ಮನುಷ್ಯನಾಯಿತು ಎಂದು ಅದು ಹೇಳುವುದಿಲ್ಲ. ಬಂಡೀಪುರದ ರಸ್ತೆಯಲ್ಲಿ ಕೂತ ಕೋತಿ ನಮ್ಮ ಅಜ್ಜನಲ್ಲ, ನಮ್ಮ ದಾಯಾದಿ. ಬಹು ದೂರದ ದಾಯಾದಿ. ಚಿಂಪಾಂಜಿ ಹತ್ತಿರದ ದಾಯಾದಿ. ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಅವರ ಮನೆಯೂ ನಮ್ಮ ಮನೆಯೂ ಒಂದೇ ಆಗಿತ್ತು, ಆಮೇಲೆ ಪಾಲಾಯಿತು. ಪಾಲಾದುದನ್ನು ಕಂಡವರಾರು ಎಂದು ಕೇಳಿದರೆ, ನಿಮ್ಮ ಮುತ್ತಜ್ಜನ ಕಾಲದ ಪಾಲನ್ನು ನೀವು ಕಂಡಿರಾ? ಪಾಲುಪಟ್ಟಿ ನೋಡಿ ತಿಳಿಯುತ್ತೀರಿ. ಜೀವಿಗಳ ಪಾಲುಪಟ್ಟಿ ಎರಡು ಕಡೆ ಇದೆ: ಕಲ್ಲಾದ ಮೂಳೆಗಳಲ್ಲಿ, ಬದುಕಿರುವ ಪ್ರಾಣಿಗಳ ರಕ್ತಮಾಂಸದಲ್ಲಿ. ಜಮ್ಮು-ಕಾಶ್ಮೀರದ ಕಾಲಾಕೋಟ್ ಬಳಿ ರಂಗರಾವ್ ಎಂಬ ನಮ್ಮ ದೇಶದ ಭೂವಿಜ್ಞಾನಿ ತೆಗೆದಿಟ್ಟಿದ್ದ ಕಲ್ಲುಗಳಲ್ಲಿ, ಸುಮಾರು 4.8 ಕೋಟಿ ವರ್ಷ ಹಳೆಯ, ನಾಲ್ಕು ಕಾಲಿನ, ಬೆಕ್ಕಿನಷ್ಟು ಗಾತ್ರದ ಪ್ರಾಣಿಯ ಮೂಳೆ ಸಿಕ್ಕಿತು. ಅದರ ಕಿವಿಯ ಮೂಳೆ ತಿಮಿಂಗಿಲದ ಕಿವಿಯ ಮೂಳೆಯಂತೆಯೇ ಇದೆ ಎಂದು 2007ರಲ್ಲಿ ಪ್ರಕಟವಾಯಿತು. ಕಡಲಿನ ತಿಮಿಂಗಿಲಕ್ಕೆ ನೆಲದ ಮೇಲೆ ನೆಂಟರಿದ್ದರು ಎಂಬುದಕ್ಕೆ ನಮ್ಮ ದೇಶದ ಕಲ್ಲೇ ಸಾಕ್ಷಿ.

ಈ ಬದಲಾವಣೆ ಆಗುವುದು ಹೇಗೆ? ರೇಷ್ಮೆ ಹುಳು ಸಾಕಿದವರನ್ನು, ನೂಲು ಬಿಚ್ಚಿದವರನ್ನು ಕೇಳಿ. ಗೂಡೊಡೆದು ಬಂದ ಚಿಟ್ಟೆಗೆ ರೆಕ್ಕೆ ಉಂಟು, ಹಾರಲಾರದು. ಅದರ ಕಾಡಿನ ನೆಂಟ ಚೀನಾ ಜಪಾನುಗಳಲ್ಲಿ ಇಂದಿಗೂ ಹಾರುತ್ತದೆ. ಸುಮಾರು 5,000 ವರ್ಷಗಳಿಂದ ಸಾಕಿದವರು ದಪ್ಪ ಗೂಡು ಕಟ್ಟಿದ ಹುಳುವನ್ನೇ ಬೀಜಕ್ಕೆ ಇಟ್ಟುಕೊಂಡರು, ಹಾರುವ ಶಕ್ತಿ ಅವರಿಗೆ ಬೇಕಿರಲಿಲ್ಲ. ತಲೆಮಾರು ತಲೆಮಾರು ಆರಿಸಿದ್ದಕ್ಕೆ ಹುಳುವೇ ಬೇರೆಯಾಯಿತು. ಮನುಷ್ಯ ಆರಿಸಿದಂತೆ ನಿಸರ್ಗವೂ ಆರಿಸುತ್ತದೆ. ಬರ, ಬೇನೆ, ಶತ್ರು, ಹಸಿವು ಇವುಗಳ ಮೂಲಕ. ಉಳಿದು ಮರಿ ಹಾಕಿದವುಗಳ ಗುಣ ಮುಂದಕ್ಕೆ ಹೋಗುತ್ತದೆ. ಡಾರ್ವಿನ್ ಹೇಳಿದ್ದರ ತಿರುಳು ಇಷ್ಟೆ.

ಇದು ಹಳೆಯ ಕತೆಯಲ್ಲ, ಈಗಲೂ ನಡೆಯುತ್ತಿದೆ. 2002ರಲ್ಲಿ ಹುಳು ಹತ್ತದ ಬಿಟಿ ಹತ್ತಿಗೆ ದೇಶದಲ್ಲಿ ಅನುಮತಿ ಸಿಕ್ಕಿತು. ಲಕ್ಷಾಂತರ ಹುಳು ಸತ್ತವು. ಆ ವಿಷ ತಡೆಯುವ ಗುಣ ಹುಟ್ಟಿನಿಂದ ಇದ್ದ ನಾಲ್ಕಾರು ಹುಳು ಉಳಿದು ಸಂತಾನ ಬೆಳೆಸಿದವು. 2010ರ ಹೊತ್ತಿಗೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಆ ಹತ್ತಿಯನ್ನು ತಿನ್ನುತ್ತಿತ್ತು. ಬೀಜಕ್ಕೆ ದುಡ್ಡು ತೆತ್ತ ರೈತ ಔಷಧಿಗೂ ದುಡ್ಡು ತೆತ್ತ. ವಿಕಾಸವಾದ ತಿಳಿದವನು ಇದನ್ನು ಮೊದಲೇ ಊಹಿಸಬಲ್ಲ. ತಿಳಿಯದವನು ಹಣೆಬರಹ ಎನ್ನುತ್ತಾನೆ. ನಮ್ಮ ಮೈಸೂರಿನ ಮಾನಸ ಗಂಗೋತ್ರಿಯಲ್ಲೇ, 1980ರ ದಶಕದಿಂದ, ಎಂಟು ವರ್ಣತಂತುಗಳ ಒಂದು ಜಾತಿಯ ಹಣ್ಣುನೊಣವನ್ನೂ ಆರು ವರ್ಣತಂತುಗಳ ಅದರ ಹತ್ತಿರದ ನೆಂಟನನ್ನೂ ಕೂಡಿಸಿ, ತಲೆಮಾರುಗಳವರೆಗೆ ಸಾಕಿ, ಎರಡಕ್ಕಿಂತಲೂ ಬೇರೆಯಾದ ಹೊಸ ಬಳಿಗಳು ಹುಟ್ಟಿದುದನ್ನು ತೋರಿಸಿದ್ದಾರೆ. ಕಂಡವರಾರು ಎಂದು ಕೇಳುವವರು ಮೈಸೂರಿನ ಬಸ್ಸು ಹತ್ತಿದರೆ ಸಾಕು.

ಇನ್ನೊಂದು ವಾದ ಉಂಟು. ಅದನ್ನು ಗೌರವದಿಂದಲೇ ಎತ್ತಿಕೊಳ್ಳೋಣ. 1802ರಲ್ಲಿ ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ ಬರೆದ: ಬಯಲಿನಲ್ಲಿ ಗಡಿಯಾರ ಬಿದ್ದಿದ್ದರೆ ಅದನ್ನು ಮಾಡಿದವನೊಬ್ಬ ಇರಲೇಬೇಕು, ಹಾಗಾದರೆ ಗಡಿಯಾರಕ್ಕಿಂತ ಸೂಕ್ಷ್ಮವಾದ ಕಣ್ಣಿಗೆ? ಅಮೆರಿಕದಲ್ಲಿ ಇದಕ್ಕೆ ಹೊಸ ಅಂಗಿ ತೊಡಿಸಿ, ‘ಬುದ್ಧಿವಂತ ಕರ್ತೃವಿನ ಯೋಜನೆ’ ಎಂದು ಹೆಸರಿಟ್ಟು ಶಾಲೆಗೆ ತರಲು ನೋಡಿದರು. 2005ರಲ್ಲಿ ಪೆನ್ಸಿಲ್ವೇನಿಯಾದ ಡೋವರ್ ಊರಿನ ಮೊಕದ್ದಮೆಯಲ್ಲಿ ನ್ಯಾಯಾಧೀಶರು, ಇದು ವಿಜ್ಞಾನವಲ್ಲ, ಧರ್ಮದ ಮಾತು, ವಿಜ್ಞಾನದ ತರಗತಿಯಲ್ಲಿ ಇದಕ್ಕೆ ಎಡೆಯಿಲ್ಲ ಎಂದು ತೀರ್ಪಿತ್ತರು.

ಗಡಿಯಾರ ಬೇಡ, ಮಗ್ಗವನ್ನೇ ತೆಗೆದುಕೊಳ್ಳಿ. ಮಗ್ಗಕ್ಕೆ ಮಾಡಿದವನುಂಟು, ನಿಜ. ಆದರೆ ಮಗ್ಗ ಮರಿ ಹಾಕುವುದಿಲ್ಲ. ಮರಿ ಹಾಕುವ, ಮರಿಯಿಂದ ಮರಿಗೆ ಕೊಂಚ ಕೊಂಚ ಬೇರೆಯಾಗುವ ವಸ್ತುವಿಗೆ ಮಗ್ಗದ ಹೋಲಿಕೆ ಸಲ್ಲದು. ಅಷ್ಟೇ ಅಲ್ಲ, ಮಗ್ಗವೂ ಒಬ್ಬನ ತಲೆಯಿಂದ ಒಂದೇ ದಿನ ಬಂದುದಲ್ಲ. ಗುಂಡಿಮಗ್ಗವಿತ್ತು, 1733ರಲ್ಲಿ ಜಾನ್ ಕೇ ಹಾರುವ ಲಾಳಿ ತಂದ, 1785ರಲ್ಲಿ ಕಾರ್ಟ್‌ರೈಟ್ ಯಂತ್ರಮಗ್ಗ ತಂದ. ಇನ್ನು ನಮ್ಮ ದೇಹ ನೋಡಿ. ಪಾಳಿಯುದ್ದಕ್ಕೂ ಯಂತ್ರದ ಮುಂದೆ ನಿಂತವನ ಸೊಂಟ ಏಕೆ ಮುರಿಯುತ್ತದೆ? ನಾಲ್ಕು ಕಾಲಿನ ಪ್ರಾಣಿಯ ಬೆನ್ನೆಲುಬನ್ನೇ ನೆಟ್ಟಗೆ ನಿಲ್ಲಿಸಿಕೊಂಡಿದ್ದೇವೆ. ಅನ್ನ ಹೋಗುವ ದಾರಿಯೂ ಉಸಿರಿನ ದಾರಿಯೂ ಗಂಟಲಲ್ಲಿ ಅಡ್ಡ ಹಾಯುತ್ತವೆ, ತುತ್ತು ಸಿಕ್ಕಿ ಸಾಯುವವರುಂಟು. ಹೊಸದಾಗಿ ಯೋಜಿಸಿದ ಮನೆಯಾದರೆ ಹೀಗೆ ಕಟ್ಟುತ್ತಿರಲಿಲ್ಲ. ಇದು ಹಳೆಯ ಮನೆಗೆ ಒಂದೊಂದೇ ಅಂಕಣ ಸೇರಿಸುತ್ತ ಬಂದ ಕಟ್ಟಡ.

ಇನ್ನು ಕೆಲವರು ದಶಾವತಾರವೇ ವಿಕಾಸವಾದ ಎನ್ನುತ್ತಾರೆ. 2019ರಲ್ಲಿ ಜಲಂಧರದ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಒಂದು ವಿಶ್ವವಿದ್ಯಾನಿಲಯದ ಕುಲಪತಿಯೇ ಹಾಗೆಂದರು. ಮತ್ಸ್ಯ, ಕೂರ್ಮ, ವರಾಹ ಎಂಬ ಸಾಲು ಕೇಳಲು ಸೊಗಸು. ಆದರೆ ಅವತಾರವೆಂದರೆ ಭಗವಂತ ಇಳಿದು ಬರುವುದು. ಒಂದು ಮೀನಿನ ಸಂತಾನ ಆಮೆಯಾದ ಮಾತು ಅಲ್ಲಿಲ್ಲ. ಹಾಡುವ ಕತೆಯನ್ನು ಹಾಡಿ, ಕೇಳಿ, ಕಣ್ಣೀರಿಡಿ. ಅದನ್ನು ಪ್ರಯೋಗಶಾಲೆಯ ಕಟಕಟೆಗೆ ಎಳೆದು ತಂದರೆ ಕತೆಗೂ ಅವಮಾನ, ವಿಜ್ಞಾನಕ್ಕೂ ಅವಮಾನ.

ಈಗ ಆ ಹಿರಿಯರಿಗೆ ಉತ್ತರ. ಅಯ್ಯನೋರೆ, ಬೆಟ್ಟಕ್ಕೆ ಹೋಗುವುದನ್ನು ಬಿಡಬೇಕಾಗಿಲ್ಲ. ದೇವರುಂಟೆ ಇಲ್ಲವೆ ಎಂಬುದು ವಿಕಾಸವಾದದ ಪ್ರಶ್ನೆಯೇ ಅಲ್ಲ. ಹುಳು ಹೇಗೆ ಬದಲಾಯಿತು, ಮೂಳೆ ಎಲ್ಲಿಂದ ಬಂತು ಎಂಬುದಷ್ಟೇ ಅದರ ಪ್ರಶ್ನೆ. 1858ರಲ್ಲಿ ಡಾರ್ವಿನ್ನನ ಜೊತೆಗೇ ಇದೇ ಸಿದ್ಧಾಂತವನ್ನು ಪ್ರಕಟಿಸಿದ ಆಲ್ಫ್ರೆಡ್ ವಾಲೆಸ್, ಮನುಷ್ಯನ ಮನಸ್ಸಿನ ಹಿಂದೆ ಮೇಲಿನದೊಂದು ಬುದ್ಧಿ ಉಂಟೆಂದು ಕಡೆಯವರೆಗೆ ನಂಬಿದ್ದ. ಅವನ ಸಿದ್ಧಾಂತಕ್ಕೆ ಪುರಾವೆ ಇತ್ತು, ಲೋಕ ಒಪ್ಪಿತು. ಆ ನಂಬಿಕೆಗೆ ಪುರಾವೆ ಇರಲಿಲ್ಲ, ಅದು ಅವನ ಮನೆಯ ಮಾತಾಗಿ ಉಳಿಯಿತು. ಹೀಗೆ ಎರಡನ್ನೂ ಒಬ್ಬನೇ ಇಟ್ಟುಕೊಳ್ಳಬಹುದು. ಒಂದನ್ನು ಇನ್ನೊಂದರ ಪೀಠದಲ್ಲಿ ಕೂರಿಸಬಾರದು, ಅಷ್ಟೆ.

ಆದರೆ ಒಂದು ಮಾತನ್ನು ವಿಕಾಸವಾದದ ಮುಂದೆ ಬಿಡಲೇಬೇಕಾಗುತ್ತದೆ. ಒಬ್ಬ ತಲೆಯಿಂದ ಹುಟ್ಟಿದ, ಇನ್ನೊಬ್ಬ ಪಾದದಿಂದ ಹುಟ್ಟಿದ ಎಂಬ ಮಾತು. ಸುಮಾರು ಮೂರು ಲಕ್ಷ ವರ್ಷಗಳ ಹಿಂದೆ ಆಫ್ರಿಕದಲ್ಲಿ ಕಾಣಿಸಿಕೊಂಡ ಒಂದೇ ಮನುಷ್ಯ ಜಾತಿಯ ಮಕ್ಕಳು ನಾವೆಲ್ಲ. ಅಗ್ರಹಾರದವನಿಗೂ ಕೇರಿಯವನಿಗೂ, ಮಾಲೀಕನಿಗೂ ಜವಾನನಿಗೂ ವಂಶವೃಕ್ಷ ಒಂದೇ.

ಮಾಲೀಕನ ಮಾತು ಬಂದುದರಿಂದ ಇದನ್ನೂ ಹೇಳಬೇಕು. ಬಲ್ಲಿದನೇ ಬದುಕಬೇಕು, ಇದು ನಿಸರ್ಗದ ನಿಯಮ ಎಂದು ಡಾರ್ವಿನ್ನನ ಹೆಸರಿನಲ್ಲಿ ಬಂಡವಾಳಗಾರರು ಹೇಳಿದ್ದುಂಟು. ಆ ನುಡಿಗಟ್ಟನ್ನು 1864ರಲ್ಲಿ ಟಂಕಿಸಿದವನು ಹರ್ಬರ್ಟ್ ಸ್ಪೆನ್ಸರ್. ನಿಸರ್ಗದಲ್ಲಿ ಏನು ನಡೆಯುತ್ತದೆಂದು ತಿಳಿಯುವುದು ಬೇರೆ, ಸಮಾಜದಲ್ಲಿ ಏನು ನಡೆಯಬೇಕೆಂದು ತೀರ್ಮಾನಿಸುವುದು ಬೇರೆ. ನಿಸರ್ಗದಲ್ಲಿಯೂ ಬರೀ ಕಾದಾಟವಿಲ್ಲ. ಒಬ್ಬರಿಗೊಬ್ಬರು ಆಗುವುದೂ ಬದುಕುಳಿಯುವ ದಾರಿಯೆಂದು ರಷ್ಯದ ಕ್ರೊಪಾಟ್ಕಿನ್ 1902ರಲ್ಲಿ ಒಂದು ಪುಸ್ತಕವನ್ನೇ ಬರೆದ. ಬಂಡೀಪುರದ ಸೀಳುನಾಯಿ ಒಂಟಿಯಾಗಿ ಏನನ್ನು ಹಿಡಿದೀತು? ಗುಂಪು ಕಟ್ಟಿಯೇ ಅದು ಕಡವೆಯನ್ನು ಕೆಡಹುತ್ತದೆ. ಸಂಘ ಕಟ್ಟಿದ ಕಾರ್ಮಿಕನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ, ನೆನಪಿಟ್ಟುಕೊಳ್ಳಿ ಎಂದಿದ್ದ ಮಾತು. ಹನ್ನೆರಡನೆಯ ತರಗತಿಯಲ್ಲಿ ಪಾಠ ಇದೆಯಂತೆ. ಅಲ್ಲಿ ಅದನ್ನು ಓದುವವರು ಯಾರು? ಹತ್ತು ದಾಟಿ, ವಿಜ್ಞಾನ ಹಿಡಿದು, ಅದರಲ್ಲೂ ಜೀವಶಾಸ್ತ್ರ ಆರಿಸಿಕೊಂಡವರು. ಹತ್ತಕ್ಕೇ ಶಾಲೆ ಬಿಟ್ಟು ಗಿರಣಿಗೆ, ಗ್ಯಾರೇಜಿಗೆ, ಅಪ್ಪನ ಅಂಗಡಿಯ ಗಲ್ಲಕ್ಕೆ ಬಂದು ಕೂರುವ ಮಗುವಿನ ಗತಿ? ಕಲೆ, ವಾಣಿಜ್ಯ ಓದುವ ಹುಡುಗಿಯ ಗತಿ? ಹೊರೆ ಇಳಿಸಿದ್ದು ಯಾರ ಬೆನ್ನಿನಿಂದ? ಉಳ್ಳವರ ಮಗು ಎರಡು ವರ್ಷ ತಡವಾಗಿ ಓದುತ್ತದೆ; ನಮ್ಮ ಮಗು ಎಂದೂ ಓದುವುದಿಲ್ಲ. ನನ್ನ ಜಗಳ ಇಷ್ಟಕ್ಕೇ.

ಆ ವಾಲೆಸ್ ಯಾರೆಂದು ಬಲ್ಲಿರಾ? ಬಡತನದಿಂದ 14ರ ವಯಸ್ಸಿಗೇ ಶಾಲೆ ಬಿಟ್ಟವನು. ಲಂಡನ್ನಿನಲ್ಲಿ ರಾಬರ್ಟ್ ಓವನ್ನನ ಸಮಾಜವಾದಿ ಅನುಯಾಯಿಗಳು ನಡೆಸುತ್ತಿದ್ದ, ದುಡಿಯುವ ಜನ ಸೇರುತ್ತಿದ್ದ ಸಭಾಮಂದಿರದಲ್ಲಿ ಸಂಜೆ ಕೂತು ಭಾಷಣ ಕೇಳಿ ಬೆಳೆದವನು. ಮುಂದೆ ತಾನೂ ಸಮಾಜವಾದಿ ಎಂದು ಸಾರಿಕೊಂಡವನು. ಶಾಲೆ ಬಿಟ್ಟ ಹುಡುಗನಿಗೆ ಅಂಥ ಒಂದು ಬಾಗಿಲು ತೆರೆದಿತ್ತು. ನಮ್ಮ ಮಕ್ಕಳಿಗೆ ತೆರೆದಿರುವ ಬಾಗಿಲು ಹತ್ತನೆಯ ತರಗತಿಯ ಪುಸ್ತಕ.

ಆದ್ದರಿಂದ ನಾನು ಕೇಳುವುದಿಷ್ಟೆ. ಇಂದು ರಾತ್ರಿ ಮನೆಗೆ ಹೋದ ಮೇಲೆ, ಹತ್ತನೆಯ ತರಗತಿಯ ಮಗುವಿದ್ದರೆ ಅದರ ವಿಜ್ಞಾನದ ಪುಸ್ತಕ ತೆರೆಯಿರಿ. ಇಲ್ಲವಾದರೆ ಪಕ್ಕದ ಮನೆಯ ಮಗುವಿನದು. ಅನುವಂಶೀಯತೆಯ ಪಾಠದಲ್ಲಿ ಜೀವವಿಕಾಸ ಇದೆಯೆ, ಇಲ್ಲವೆ ನೋಡಿ. ಇದ್ದರೆ ಮಗುವಿನಿಂದ ಓದಿಸಿ ಕೇಳಿ. ಇಲ್ಲದಿದ್ದರೆ ನಾಳೆ ಶಾಲೆಗೆ ಹೋಗಿ ಮೇಷ್ಟರನ್ನು ಕೇಳಿ, ಶಾಸಕರನ್ನು ಕೇಳಿ. ಸಂವಿಧಾನದ 51ಎ ವಿಧಿಗೆ 1976ರಲ್ಲಿ ಸೇರಿದ ಮೂಲಕರ್ತವ್ಯಗಳಲ್ಲಿ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದೂ ಒಂದು. ನೀವು ಕೇಳುವುದು ಭಿಕ್ಷೆಯಲ್ಲ. ನಾಳಿದ್ದು ಬೇಕಾದರೆ ಬೆಟ್ಟಕ್ಕೂ ಹೋಗಿ ಬನ್ನಿ. ನಾನೂ ಬಸ್ಸಿನ ಜಾಗದವರೆಗೆ ಜೊತೆಗೆ ಬರುತ್ತೇನೆ.