ತೆರೆಯದ ಫೈಲ್, ಇಲ್ಲದ ಫೈಲ್ ಅಲ್ಲ

(ವಿದ್ಯಾರ್ಥಿವೇತನ ಮಾಹಿತಿ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ವಿದ್ಯಾರ್ಥಿವೇತನಕ್ಕೆ ಯಾರು ಅರ್ಹರು, ಎಷ್ಟು ಅಂಕ ಬೇಕು ಎಂಬುದನ್ನು ಕಾರ್ಯದರ್ಶಿಗಳು ಆಗಲೇ ವಿವರಿಸಿದ್ದಾರೆ. ನಮಗೆ ವಹಿಸಿರುವ ವಿಷಯ ಸಣ್ಣದು: ಕಳುಹಿಸಿದ ದಾಖಲೆಯ ಫೈಲ್ ಬ್ರೌಸರ್‌ನಲ್ಲಿ ತೆರೆಯದಿದ್ದರೆ ಏನು ಮಾಡಬೇಕು? ವಿಷಯ ಸಣ್ಣದಾದರೂ ಇದರಿಂದ ಆಗುವ ನಷ್ಟ ಸಣ್ಣದಲ್ಲ. ಅರ್ಜಿ ಪರಿಶೀಲಿಸುವವರು ನಿಮ್ಮನ್ನು ನೋಡುವುದಿಲ್ಲ, ನಿಮ್ಮ ಫೈಲನ್ನು ನೋಡುತ್ತಾರೆ. ಅದು ತೆರೆಯದಿದ್ದರೆ ನಿಮ್ಮ ಒಂದು ವರ್ಷದ ಶ್ರಮ ಅವರ ಕಣ್ಣಿಗೆ ಬೀಳುವುದೇ ಇಲ್ಲ.

ನಾವು ಕೆಲವು ನಿವೃತ್ತ ಶಿಕ್ಷಕರು ಅರ್ಜಿಗಳ ಪರಿಶೀಲನೆಗೆ ಕುಳಿತಾಗ ನಡೆದ ಒಂದು ಸಂಗತಿ ಹೇಳುತ್ತೇವೆ. ಒಬ್ಬ ವಿದ್ಯಾರ್ಥಿನಿಯ ತಂದೆ ಹಮಾಲಿ ಕೆಲಸದವರು. ಅಂಕಪಟ್ಟಿ ಚೆನ್ನಾಗಿತ್ತು. ಆದಾಯ ಪ್ರಮಾಣಪತ್ರದ ಫೈಲ್ ಮಾತ್ರ ತೆರೆಯಲಿಲ್ಲ. ಪಟ್ಟಿಯಲ್ಲಿ ಆಕೆಯ ಹೆಸರಿನ ಮುಂದೆ ‘ದಾಖಲೆ ಇಲ್ಲ’ ಎಂದು ಬರೆಯುವುದರಲ್ಲಿದ್ದರು. ನಮ್ಮಲ್ಲೊಬ್ಬರು ತಡೆದು, ಆ ಫೈಲನ್ನು ಕಂಪ್ಯೂಟರಿನ ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿದರು. ಮೊದಲ ಸಾಲಿನಲ್ಲೇ ‘ಎಚ್‌ಟಿಎಂಎಲ್’ ಎಂದಿತ್ತು. ಅಂದರೆ ಅದು ಪ್ರಮಾಣಪತ್ರವಾಗಿರಲಿಲ್ಲ. ಡೌನ್‌ಲೋಡ್ ಮಾಡುವ ಹೊತ್ತಿಗೆ ಲಾಗಿನ್ ಅವಧಿ ಮುಗಿದು, ಲಾಗಿನ್ ಪುಟವೇ ಪ್ರಮಾಣಪತ್ರದ ಹೆಸರಿನಲ್ಲಿ ಉಳಿದುಕೊಂಡಿತ್ತು. ಅರ್ಜಿ ಹಾಕಿಕೊಟ್ಟ ಸೈಬರ್ ಅಂಗಡಿಯವರು ತೆರೆದು ನೋಡದೆ ಕಳುಹಿಸಿದ್ದರು. ಮನೆಗೆ ಫೋನ್ ಮಾಡಿದೆವು. ಮರುದಿನ ಸರಿಯಾದ ಫೈಲ್ ಬಂತು, ಅರ್ಜಿ ಉಳಿಯಿತು.

‘ದಾಖಲೆ ಇಲ್ಲ’ ಎನ್ನುವುದಕ್ಕೂ ‘ದಾಖಲೆ ತೆರೆಯಲಿಲ್ಲ’ ಎನ್ನುವುದಕ್ಕೂ ಬಹಳ ಅಂತರವಿದೆ. ಮೊದಲನೆಯದು ತೀರ್ಪು, ಎರಡನೆಯದು ಹುಡುಕಿ ಸರಿಪಡಿಸಬಹುದಾದ ದೋಷ. ಇಂದು ಹೇಳಬೇಕಾದ ಮುಖ್ಯ ಮಾತು ಇದೇ.

ಮೊದಲು ಪಿಡಿಎಫ್ ಎಂದರೇನು ಎಂದು ತಿಳಿಯೋಣ. ಅಡೋಬಿ ಕಂಪನಿ 1993ರಲ್ಲಿ ಇದನ್ನು ಹೊರತಂದಿತು. 2008ರಲ್ಲಿ ಇದು ಐಎಸ್‌ಒ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನಕವಾಯಿತು. ಯಾವ ಕಂಪ್ಯೂಟರಿನಲ್ಲಿ ತೆರೆದರೂ ಪುಟ ಒಂದೇ ರೀತಿ ಕಾಣಬೇಕೆಂಬುದು ಇದರ ಉದ್ದೇಶ. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಬ್ರೌಸರ್‌ಗಳಲ್ಲಿ ಪಿಡಿಎಫ್ ಓದುವ ವ್ಯವಸ್ಥೆ ಒಳಗೇ ಇರುತ್ತದೆ. ಆದ್ದರಿಂದ ಫೈಲ್ ತೆರೆಯಲಿಲ್ಲವೆಂದರೆ ದೋಷ ಮೂರರಲ್ಲಿ ಒಂದು ಕಡೆ ಇರುತ್ತದೆ: ಫೈಲಿನಲ್ಲಿ, ಅದು ಬಂದ ದಾರಿಯಲ್ಲಿ, ಇಲ್ಲವೇ ಬ್ರೌಸರಿನಲ್ಲಿ.

ಕಂಡುಹಿಡಿಯಲು ಎರಡು ಪರೀಕ್ಷೆ ಸಾಕು. ಒಂದು, ಅದೇ ಬ್ರೌಸರಿನಲ್ಲಿ ಬೇರೆ ಪಿಡಿಎಫ್ ತೆರೆಯಿರಿ. ಎರಡು, ಅದೇ ಫೈಲನ್ನು ಬೇರೆ ಬ್ರೌಸರಿನಲ್ಲೋ ಮೊಬೈಲಿನಲ್ಲೋ ತೆರೆಯಿರಿ. ಬೇರೆ ಫೈಲುಗಳೂ ತೆರೆಯದಿದ್ದರೆ ದೋಷ ಬ್ರೌಸರಿನದು. ಈ ಫೈಲೊಂದೇ ಎಲ್ಲಿಯೂ ತೆರೆಯದಿದ್ದರೆ ದೋಷ ಫೈಲಿನದು ಅಥವಾ ಅದು ಬಂದ ದಾರಿಯದು.

ದಾರಿಯಿಂದ ಆರಂಭಿಸೋಣ. ಫೈಲಿನ ಗಾತ್ರ ನೋಡಿ. ಅದು 0 ಕೆಬಿ ಎಂದಿದ್ದರೆ ಒಳಗೆ ಏನೂ ಇಲ್ಲ. ಹೆಸರಿನ ಕೊನೆಯಲ್ಲಿ ‘ಸಿಆರ್‌ಡೌನ್‌ಲೋಡ್’ ಎಂದೋ ‘ಪಾರ್ಟ್’ ಎಂದೋ ಇದ್ದರೆ ಅದು ಅರ್ಧಕ್ಕೇ ನಿಂತ ಡೌನ್‌ಲೋಡ್. ಇಂಥ ಫೈಲನ್ನು ಅಳಿಸಿ, ನೆಟ್‌ವರ್ಕ್ ಸರಿಯಿರುವಲ್ಲಿ ಮತ್ತೊಮ್ಮೆ ಲಾಗಿನ್ ಆಗಿ ಇಳಿಸಿಕೊಳ್ಳಿ.

ಇನ್ನು ಫೈಲು. ಕೆಲವರು ಫೋಟೋ ತೆಗೆದು, ಹೆಸರಿನ ಕೊನೆಯ ‘ಜೆಪಿಜಿ’ ಅಳಿಸಿ ‘ಪಿಡಿಎಫ್’ ಎಂದು ಬರೆಯುತ್ತಾರೆ. ಉಪ್ಪಿನ ಡಬ್ಬಿಗೆ ಸಕ್ಕರೆಯ ಚೀಟಿ ಅಂಟಿಸಿದರೆ ಉಪ್ಪು ಸಿಹಿಯಾಗುವುದಿಲ್ಲ. ಆಂಡ್ರಾಯ್ಡ್ ಮೊಬೈಲಿನ ಗೂಗಲ್ ಡ್ರೈವ್ ಆ್ಯಪ್‌ನಲ್ಲೂ ಐಫೋನಿನ ನೋಟ್ಸ್‌ನಲ್ಲೂ ಸ್ಕ್ಯಾನ್ ಮಾಡುವ ಸೌಲಭ್ಯವಿದೆ. ಅದರಲ್ಲಿ ಸ್ಕ್ಯಾನ್ ಮಾಡಿದರೆ ನಿಜವಾದ ಪಿಡಿಎಫ್ ಸಿಗುತ್ತದೆ. ಸಂಶಯವಿದ್ದರೆ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ನಿಜವಾದ ಪಿಡಿಎಫ್ ಆಗಿದ್ದರೆ ಆರಂಭದಲ್ಲಿ ಶೇಕಡಾ ಚಿಹ್ನೆ, ಅದರ ಬೆನ್ನಿಗೆ ‘ಪಿಡಿಎಫ್’ ಎಂಬ ಇಂಗ್ಲಿಷ್ ಅಕ್ಷರಗಳು ಇರುತ್ತವೆ. ನೋಡಿದ ಮೇಲೆ ಅಲ್ಲಿ ಸೇವ್ ಮಾತ್ರ ಒತ್ತಬೇಡಿ.

ಪಾಸ್‌ವರ್ಡ್ ಇರುವ ಫೈಲುಗಳೂ ಇವೆ. ಇ-ಆಧಾರ್ ಅಂಥದ್ದು. ಆಧಾರ್‌ನಲ್ಲಿರುವ ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರಗಳು ದೊಡ್ಡಕ್ಷರದಲ್ಲಿ, ನಂತರ ಹುಟ್ಟಿದ ವರ್ಷದ 4 ಅಂಕಿ: ಇದೇ ಅದರ ಪಾಸ್‌ವರ್ಡ್. ನಿಮಗೆ ತೆರೆಯುವ ಫೈಲು ಪರಿಶೀಲಿಸುವವರಿಗೆ ತೆರೆಯದಿರಲು ಹಲವು ಬಾರಿ ಇದೇ ಕಾರಣ. ಪಾಸ್‌ವರ್ಡ್ ಇಲ್ಲದ ಪ್ರತಿ ಕೇಳಿದ್ದರೆ, ಕ್ರೋಮ್‌ನಲ್ಲಿ ತೆರೆದು, ಪ್ರಿಂಟ್ ಒತ್ತಿ, ‘ಸೇವ್ ಆ್ಯಸ್ ಪಿಡಿಎಫ್’ ಆರಿಸಿ ಉಳಿಸಿಕೊಳ್ಳಿ. ಆದರೆ ಡಿಜಿಟಲ್ ಸಹಿ ಇರುವ ಫೈಲನ್ನು ಹೀಗೆ ಮಾಡಿದರೆ ಆ ಸಹಿಯನ್ನು ಕಂಪ್ಯೂಟರಿನಲ್ಲಿ ಪರಿಶೀಲಿಸಲು ಬರುವುದಿಲ್ಲ. ಸಹಿ ಇರುವ ಮೂಲ ಫೈಲೇ ಬೇಕೆಂದಿದ್ದರೆ ಮೂಲವನ್ನೇ ಕಳುಹಿಸಿ, ಪಾಸ್‌ವರ್ಡ್ ಹೇಗೆ ತಿಳಿಸಬೇಕೆಂದು ಕಚೇರಿಯನ್ನು ಕೇಳಿ.

ಇಲ್ಲಿ ಪೋಷಕರಿಗೆ ಒಂದು ಎಚ್ಚರಿಕೆ. ಪಾಸ್‌ವರ್ಡ್ ತೆಗೆಯುತ್ತೇವೆ, ಕೆಟ್ಟ ಫೈಲ್ ಸರಿ ಮಾಡುತ್ತೇವೆ ಎನ್ನುವ ಗುರುತಿಲ್ಲದ ಜಾಲತಾಣಗಳಿಗೆ ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಾಕಬೇಡಿ. ಮನೆಯ ಬೀಗ ತೆಗೆಸಲು ದಾರಿಹೋಕರ ಕೈಗೆ ಮನೆಯನ್ನೇ ಒಪ್ಪಿಸಿದಂತಾಗುತ್ತದೆ.

ಕೆಲವು ಅರ್ಜಿ ನಮೂನೆಗಳನ್ನು ಕೆಲವು ಬ್ರೌಸರ್‌ಗಳಲ್ಲಿ ತೆರೆದರೆ ‘ಪ್ಲೀಸ್ ವೇಟ್’ ಎಂಬ ಸಂದೇಶ ಮಾತ್ರ ಕಾಣುತ್ತದೆ. ಎಷ್ಟು ಕಾದರೂ ನಮೂನೆ ಬರುವುದಿಲ್ಲ. ಅದು ಎಕ್ಸ್‌ಎಫ್‌ಎ ಎಂಬ ಬೇರೆ ಬಗೆಯ ನಮೂನೆ. ಫೈಲನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಅಡೋಬಿ ರೀಡರ್‌ನಲ್ಲಿ ತೆರೆದರೆ ನಮೂನೆ ಕಾಣುತ್ತದೆ. ಇಂಥದ್ದಕ್ಕೆ ಮೊಬೈಲ್ ನಂಬಿ ಕೂರಬೇಡಿ.

ವರ್ಡ್ ಫೈಲುಗಳ ಮಾತು ಬೇರೆ. ಬ್ರೌಸರ್‌ಗಳು ಸಾಮಾನ್ಯವಾಗಿ ಅವನ್ನು ತಾವೇ ತೋರಿಸದೆ ಇಳಿಸಿಬಿಡುತ್ತವೆ. ಅದು ದೋಷವಲ್ಲ. ಆದರೆ ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಕನ್ನಡ ಪತ್ರ, ಆ ಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ, ಪಿಡಿಎಫ್ ಆಗಿ ಉಳಿಸಿ ಕಳುಹಿಸಿ.

ಕೊನೆಗೆ ಬ್ರೌಸರ್. ಅದನ್ನು ಮುಚ್ಚಿ ಮತ್ತೆ ತೆರೆಯಿರಿ. ಹಳೆಯದಾಗಿದ್ದರೆ ಅಪ್‌ಡೇಟ್ ಮಾಡಿ. ‘ಇನ್‌ಕಾಗ್ನಿಟೋ’ ಕಿಟಕಿಯಲ್ಲಿ ಪ್ರಯತ್ನಿಸಿ. ಅಲ್ಲಿ ತೆರೆದರೆ, ಉಳಿದುಕೊಂಡ ಹಳೆಯ ಕ್ಯಾಶ್ ಅಥವಾ ಯಾವುದೋ ಎಕ್ಸ್‌ಟೆನ್ಶನ್ ಅಡ್ಡಿ ಮಾಡುತ್ತಿರಬಹುದು. ‘ವ್ಯೂ’ ಒತ್ತಿದರೂ ಏನೂ ಕಾಣದಿದ್ದರೆ ವಿಳಾಸದ ಪಟ್ಟಿಯ ಕಡೆ ನೋಡಿ, ‘ಪಾಪ್-ಅಪ್ ಬ್ಲಾಕ್ಡ್’ ಎಂದಿರಬಹುದು. ಆ ಜಾಲತಾಣ ನಂಬಿಕೆಯದಾಗಿದ್ದರೆ ಅನುಮತಿ ಕೊಡಿ. ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ಪಿಡಿಎಫ್ ಅನ್ನು ತೆರೆಯಬೇಕೋ ಇಳಿಸಬೇಕೋ ಎಂಬ ಆಯ್ಕೆಯೂ ಇದೆ. ಫೈಲ್ ತೆರೆಯಲಿಲ್ಲ ಎಂದುಕೊಂಡಿರುತ್ತೇವೆ, ಅದು ಡೌನ್‌ಲೋಡ್ಸ್‌ನಲ್ಲಿ ಹೋಗಿ ಕುಳಿತಿರುತ್ತದೆ.

ವಿದ್ಯಾರ್ಥಿಗಳೇ, ನೀವು ರೂಢಿಸಿಕೊಳ್ಳಬೇಕಾದ ಅಭ್ಯಾಸ ಒಂದೇ. ಕಳುಹಿಸುವ ಮುನ್ನ ಫೈಲನ್ನು ಬೇರೆಯವರ ಮೊಬೈಲಿನಲ್ಲಿ ತೆರೆದು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ. ಕಳುಹಿಸಿದ ಮೇಲೆ ಅರ್ಜಿಯಲ್ಲೇ ‘ವ್ಯೂ’ ಒತ್ತಿ ಇನ್ನೊಮ್ಮೆ ನೋಡಿ. ಕೊನೆಯ ದಿನದ ರಾತ್ರಿಗೆ ಈ ಕೆಲಸ ಇಟ್ಟುಕೊಳ್ಳಬೇಡಿ. ಸೈಬರ್ ಅಂಗಡಿಯಲ್ಲಿ ಅರ್ಜಿ ಹಾಕಿಸಿದರೂ ಪರದೆಯ ಮುಂದೆ ನೀವೇ ನಿಂತು ನೋಡಿ. ಅರ್ಜಿ ನಿಮ್ಮದು, ಅಂಗಡಿಯದಲ್ಲ. ಹೊರಡುವ ಮುನ್ನ ಅಲ್ಲಿನ ಕಂಪ್ಯೂಟರಿನಿಂದ ನಿಮ್ಮ ದಾಖಲೆಗಳನ್ನು ಅಳಿಸಿ, ಲಾಗ್ ಔಟ್ ಆಗಿ ಬನ್ನಿ.

ಪರಿಶೀಲನೆಗೆ ಕೂರುವ ನಮ್ಮ ಸಹೋದ್ಯೋಗಿಗಳಿಗೂ ಒಂದು ವಿನಂತಿ. ಫೈಲ್ ತೆರೆಯದಿದ್ದರೆ ಮೊದಲು ಎರಡು ಪರೀಕ್ಷೆ ಮಾಡೋಣ. ಆಮೇಲೆ ಅರ್ಜಿದಾರರಿಗೆ ಒಂದು ಫೋನ್ ಮಾಡೋಣ. ‘ತೆರೆಯಲಿಲ್ಲ, ಮತ್ತೆ ಕೇಳಲಾಗಿದೆ’ ಎಂದು ದಿನಾಂಕ ಹಾಕಿ ಬರೆಯೋಣ. ತರಗತಿಯಲ್ಲಿ ಮಗು ಉತ್ತರ ಹೇಳದಿದ್ದಾಗ ಅದಕ್ಕೆ ಪ್ರಶ್ನೆ ಕೇಳಿಸಿತೇ ಎಂದು ಮೊದಲು ನೋಡಿದವರು ನಾವು. ದೂರದ ಹಳ್ಳಿಯಿಂದ ಅರ್ಜಿ ಹಾಕಿದ ಮಗುವಿನ ವಿಷಯದಲ್ಲೂ ಅಷ್ಟು ತಾಳ್ಮೆ ಇರಲಿ.

ಈ ವರ್ಷ ಅರ್ಜಿ ಹಾಕುವ ಮಕ್ಕಳಿಗೆಲ್ಲ ಒಳ್ಳೆಯದಾಗಲಿ. ಸಭೆ ಮುಗಿದ ಮೇಲೆ ನಾವು ಇಲ್ಲೇ ಮೇಜಿನ ಬಳಿ ಇರುತ್ತೇವೆ. ತೆರೆಯದ ಫೈಲ್ ಯಾರ ಮೊಬೈಲಿನಲ್ಲಿದ್ದರೂ ತನ್ನಿ, ಒಟ್ಟಿಗೆ ಕುಳಿತು ನೋಡೋಣ.