ಆಟಿಯ ಅಡುಗೆ



ತುಳುವರ ವರ್ಷ ಬಿಸುವಿನಿಂದ ಮೊದಲಾಗುತ್ತದೆ. ಪಗ್ಗು, ಬೇಶ, ಕಾರ್ತೆಲ್ ಕಳೆದ ಮೇಲೆ ನಾಲ್ಕನೆಯದಾಗಿ ಬರುವ ಸೌರಮಾಸವೇ ಆಟಿ. ಜುಲೈ ತಿಂಗಳ ನಡುವಿನಿಂದ ಆಗಸ್ಟ್ ನಡುವಿನವರೆಗೆ ಇದರ ಆಡಳಿತ. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕರಾವಳಿಯಲ್ಲಿ ಇದು ಮಳೆಯ ಉಚ್ಛ್ರಾಯ ಕಾಲ. ಹಿಂದಿನ ದಿನಗಳಲ್ಲಿ ಈ ಹೊತ್ತಿಗೆ ಗದ್ದೆಯ ನಾಟಿ ಮುಗಿದಿರುತ್ತಿತ್ತು, ಮನೆಯ ಭತ್ತವೂ ಮುಗಿಯುತ್ತ ಬಂದಿರುತ್ತಿತ್ತು. ಕೂಲಿಯಿಲ್ಲ, ತರಕಾರಿಯಿಲ್ಲ, ಕಡಲು ಕೆರಳಿದ್ದರಿಂದ ಮೀನೂ ಅಪರೂಪ. (ಈಗ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಸರಕಾರದ್ದೇ ನಿಷೇಧ.) ಮದುವೆ, ಗೃಹಪ್ರವೇಶಗಳೂ ಇಲ್ಲದ ತಿಂಗಳಿದು. ಒಂದೇ ಮಾತಿನಲ್ಲಿ ಹೇಳುವುದಾದರೆ ಆಟಿ ಹಸಿವಿನ ತಿಂಗಳಾಗಿತ್ತು.

ಆಟಿಯ ತಿನಿಸುಗಳೆಂದು ಇಂದು ಹೊಗಳಿಸಿಕೊಳ್ಳುವ ಪದಾರ್ಥಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅವುಗಳಲ್ಲಿ ಹೆಚ್ಚಿನವನ್ನು ಯಾರೂ ಬಿತ್ತಿದ್ದಲ್ಲ. ತೊಜಂಕ್ ಅಥವಾ ತಗತೆ ಸೊಪ್ಪು ಮೊದಲ ಮಳೆಗೆ ದಾರಿಯ ಬದಿಯಲ್ಲೇ ಏಳುತ್ತದೆ; ಎಳೆಯದಿರುವಾಗ ಕೊಯ್ದು ಪಲ್ಯ ಮಾಡಿದರೆ ಮುಗಿಯಿತು. ಆದರೆ ಉಳಿದವು ಅಷ್ಟು ಸುಲಭಕ್ಕೆ ಬಗ್ಗುವಂಥವಲ್ಲ. ಕೆಲವು ತುರಿಸುತ್ತವೆ, ಕೆಲವಂತೂ ವಿಷವೇ. ಅವನ್ನು ಅನ್ನದ ತಟ್ಟೆಗೆ ತಂದದ್ದು ಅಡುಗೆಮನೆಯ ಹೆಂಗಸರ ತಿಳಿವಳಿಕೆ.

ಕೆಸುವಿನ ಎಲೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಸೂಜಿಯಂತಹ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ. ಬಾಯಿ, ಗಂಟಲು ತುರಿಸುವುದು ಇವುಗಳಿಂದಲೇ. ಪತ್ರೊಡೆ ಮಾಡುವವರು ನೆನೆಸಿದ ಅಕ್ಕಿ, ತೆಂಗಿನಕಾಯಿ, ಮೆಣಸು, ಕೊತ್ತಂಬರಿಯ ಜೊತೆಗೆ ಧಾರಾಳವಾಗಿ ಹುಣಸೆಹುಳಿ ಹಾಕಿ ಅರೆಯುತ್ತಾರೆ. ಆ ಹಿಟ್ಟನ್ನು ಎಲೆಗೆ ಸವರಿ, ಎಲೆಯ ಮೇಲೆ ಎಲೆಯಿಟ್ಟು ಸುರುಳಿ ಸುತ್ತಿ, ಹಬೆಯಲ್ಲಿ ಚೆನ್ನಾಗಿ ಬೇಯಿಸುತ್ತಾರೆ. ಹುಳಿ ಇಲ್ಲಿ ರುಚಿಗೆ ಮಾತ್ರವಲ್ಲ. ದೀರ್ಘಕಾಲದ ಹಬೆಯೊಂದಿಗೆ ಸೇರಿ ತುರಿಕೆಯನ್ನು ಅಡಗಿಸುವುದೂ ಅದೇ. ಮರದ ಮೇಲೆ ಬೆಳೆಯುವ ಮರಕೆಸುವಿಗೆ ಹೆಚ್ಚು ಬೇಡಿಕೆ, ಅದು ಅಷ್ಟಾಗಿ ತುರಿಸದು. 2021ರಲ್ಲಿ ಕೇಂದ್ರ ಆಯುಷ್ ಸಚಿವಾಲಯ ಹೊರತಂದ ಸಾಂಪ್ರದಾಯಿಕ ಅಡುಗೆಗಳ ಪುಸ್ತಿಕೆಯಲ್ಲಿ ಪತ್ರೊಡೆಗೂ ಜಾಗ ಸಿಕ್ಕಿದೆ. ಒಳ್ಳೆಯದೇ. ಆದರೂ ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು ಆಕ್ಸಲೇಟಿನ ಈ ಎಲೆಯಿಂದ ದೂರವಿರುವುದೇ ಲೇಸು.

ಕಣಿಲೆಯದು ಇನ್ನೂ ಗಂಭೀರ. ಎಳೆ ಬಿದಿರಿನಲ್ಲಿ ಟ್ಯಾಕ್ಸಿಫಿಲಿನ್ ಎಂಬ ವಸ್ತುವಿದೆ. ಜಜ್ಜಿದಾಗ, ಕತ್ತರಿಸಿದಾಗ ಅದರಿಂದ ಸಯನೈಡ್ ಹುಟ್ಟುತ್ತದೆ. ಅಜ್ಜಿಯಂದಿರಿಗೆ ಈ ಹೆಸರು ಗೊತ್ತಿರಲಿಲ್ಲ. ಕಣಿಲೆಯನ್ನು ಸಣ್ಣಗೆ ಹೆಚ್ಚಿ ನೀರಿನಲ್ಲಿ ಹಾಕಬೇಕು, ದಿನಕ್ಕೊಮ್ಮೆ ನೀರು ಬದಲಿಸಬೇಕು, ಮೂರು ದಿನವಾದ ಮೇಲೆ ಬೇಯಿಸಬೇಕು ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಹಲಸಿನ ವಿಷಯದಲ್ಲಿ ವಿಷದ ಭಯವಿಲ್ಲ, ಮುಂದಾಲೋಚನೆಯೇ ಮುಖ್ಯ. ಬೇಸಿಗೆಯಲ್ಲೇ ಕಾಯಿಸೊಳೆಯನ್ನು ಉಪ್ಪುನೀರಿನ ಭರಣಿಗೆ ಇಳಿಸಬೇಕು, ಬೀಜಕ್ಕೆ ಕೆಮ್ಮಣ್ಣು ಬಳಿದು ಒಣಗಿಸಿ ಮೂಲೆಯಲ್ಲಿಡಬೇಕು. ಆಟಿಯಲ್ಲಿ ಉಪ್ಪಡ್ ಪಚ್ಚಿಲ್ ಬೇಕೆಂದು ಆಟಿಯಲ್ಲಿ ಹೊರಟರೆ ಸಿಗುವುದಿಲ್ಲ.

ಈಚಿನ ದಶಕಗಳಲ್ಲಿ ‘ಆಟಿಡೊಂಜಿ ದಿನ’ ಎಂಬ ಕಾರ್ಯಕ್ರಮಗಳು ಮಂಗಳೂರು, ಉಡುಪಿಗಳ ಸಭಾಭವನಗಳಿಂದ ಮುಂಬಯಿಯ, ಕೊಲ್ಲಿ ದೇಶಗಳ ತುಳುವರವರೆಗೂ ಹಬ್ಬಿವೆ. ಒಂದೇ ಎಲೆಯಲ್ಲಿ ಹತ್ತಾರು ಬಗೆ ಬಡಿಸುತ್ತಾರೆ. ಬಡತನದ ಮನೆಯಲ್ಲಿ ದಿನಕ್ಕೊಂದು ಬಗೆ ಸಿಕ್ಕರೆ ಅದೇ ಹೆಚ್ಚಾಗಿತ್ತು ಎಂಬುದನ್ನು ನೆನೆದರೆ ಇದು ಸ್ವಲ್ಪ ವಿಚಿತ್ರವೇ ಸರಿ. ಆದರೆ ಹಬ್ಬ ಮಾಡುವುದರಲ್ಲಿ ತಪ್ಪೇನಿಲ್ಲ. ಮರೆತೇ ಹೋಗುತ್ತಿದ್ದ ರುಚಿಗಳು ಮಕ್ಕಳ ನಾಲಗೆಗೆ ತಾಗಿವೆ. ತೊಡಕಿರುವುದು ಬೇರೆ ಕಡೆ. ಪದಾರ್ಥದ ಹೆಸರು ಉಳಿದು ಅದನ್ನು ಹದಗೊಳಿಸುವ ಕ್ರಮ ಮರೆತರೆ ಏನಾಗುತ್ತದೆ ಎಂಬುದು ಆಟಿ ಅಮಾವಾಸ್ಯೆಯ ಕಷಾಯದಲ್ಲಿ ಕಾಣುತ್ತದೆ.

ಘಟ್ಟದ ಮೇಲೆ ಹೆಚ್ಚಾಗಿ ಭೀಮನ ಅಮಾವಾಸ್ಯೆ ಆಚರಿಸುವ ದಿನವೇ ತುಳುನಾಡಿನಲ್ಲಿ ಹಾಲೆ ಮರದ ತೊಗಟೆಯ ರಸ ಕುಡಿಯುವ ದಿನ. ನಸುಕಿನಲ್ಲೇ ಹೋಗಿ, ಕಬ್ಬಿಣ ಮುಟ್ಟಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತರುತ್ತಾರೆ. ಕರಿಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಅರೆದು ಹಿಂಡಿ, ಕಾಯಿಸಿದ ಬೆಣಚುಕಲ್ಲನ್ನು ರಸದಲ್ಲಿ ಅದ್ದಿ, ಬರಿಹೊಟ್ಟೆಗೆ ಕುಡಿಯುತ್ತಾರೆ. ಈ ಹಾಲೆಯೇ ಸಪ್ತಪರ್ಣಿ. ಶಾಲಾ ಮಕ್ಕಳು ಬರೆಯುವ ಹಲಗೆಗೆ ಇದರ ಮರ ಬಳಕೆಯಾಗುತ್ತಿದ್ದುದರಿಂದ ಸಸ್ಯಶಾಸ್ತ್ರದ ಹೆಸರಿನಲ್ಲಿ ‘ಸ್ಕಾಲರಿಸ್’ ಎಂಬ ಪದವೂ ಸೇರಿದೆ.

ಅದೇ ಗುಡ್ಡದಲ್ಲಿ ಕಾಸರಕನ ಮರವೂ ಇರುತ್ತದೆ. ಅದರ ತೊಗಟೆಯಲ್ಲಿ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ಕಡುವಿಷಗಳಿವೆ. ಕತ್ತಲಲ್ಲಿ ಎರಡು ಮರಗಳ ಕಾಂಡಗಳಿಗೆ ಅಂತರ ತಿಳಿಯದೆ ಹೋದರೆ ಕಷಾಯ ಕುಡಿದವರು ಆಸ್ಪತ್ರೆಯ ದಾರಿ ಹಿಡಿಯಬೇಕಾಗುತ್ತದೆ, ಜೀವಕ್ಕೇ ಅಪಾಯ. ಹಗಲಿನಲ್ಲಿ ನೋಡಿದರೆ ಗುರುತು ಸುಲಭ. ಹಾಲೆಯ ಎಲೆಗಳು ಐದರಿಂದ ಏಳರಂತೆ ಒಂದೇ ಗೆಣ್ಣಿನ ಸುತ್ತ ಚಕ್ರಾಕಾರವಾಗಿ ಕೂತಿರುತ್ತವೆ, ಗಾಯ ಮಾಡಿದರೆ ಬಿಳಿ ಹಾಲು ಒಸರುತ್ತದೆ. ಕಾಸರಕನ ಎಲೆಗಳು ಎದುರುಬದುರಾಗಿ ಎರಡೆರಡು, ಬುಡದಿಂದಲೇ ಮೂರರಿಂದ ಐದು ನರಗಳು ಹೊರಟಿರುತ್ತವೆ, ಹಾಲು ಬರುವುದಿಲ್ಲ. ತಿಳಿದವರು ಮುನ್ನಾದಿನ ಬೆಳಕಿದ್ದಾಗಲೇ ಮರ ನೋಡಿ ಗುರುತು ಮಾಡಿ ಬರುತ್ತಿದ್ದರು. ಮಾರನೆಯ ನಸುಕಿನಲ್ಲಿ ಕೈ ಹಾಕುತ್ತಿದ್ದುದು ಆ ಗುರುತಿನ ಮರಕ್ಕೇ.

ಸರಿಯಾದ ಹಾಲೆಯ ಕಷಾಯವೂ ಬಲು ಕಹಿ, ಉಷ್ಣ ಎಂಬ ನಂಬಿಕೆ. ಆದ್ದರಿಂದ ಅದನ್ನು ಲೋಟಗಟ್ಟಲೆ ಕುಡಿಯುವ ಕ್ರಮವಿಲ್ಲ. ಸ್ವಲ್ಪವೇ ಕುಡಿದು, ಬಾಯಿಗೆ ಚೂರು ಬೆಲ್ಲ ಹಾಕಿಕೊಂಡು, ಸ್ವಲ್ಪ ಹೊತ್ತಿನ ಮೇಲೆ ತೆಂಗಿನ ಹಾಲು ಬೆರೆಸಿದ ಮೆಂತೆಗಂಜಿ ಉಣ್ಣುತ್ತಾರೆ.