ಕಳ್ಳಿಯ ಕುಲವೂ ಕಳ್ಳಿಹುಳುವಿನ ಹೆಸರೂ



ಪಾಪಾಸುಕಳ್ಳಿ, ಕಡ್ಡಿಕಳ್ಳಿ ಇವೆರಡನ್ನೂ ನಾವು ಕಳ್ಳಿಯೆಂದೇ ಕರೆಯುತ್ತೇವೆ. ಬೇಲಿ ಹಾಕುವವನಿಗೆ ಅಷ್ಟು ಸಾಕು, ಸಸ್ಯಶಾಸ್ತ್ರಜ್ಞನಿಗೆ ಸಾಲದು. ಕಡ್ಡಿಕಳ್ಳಿಯನ್ನು ಮುರಿದರೆ ಹಾಲು ಸುರಿಯುವುದು. ಪಾಪಾಸುಕಳ್ಳಿಯಲ್ಲಿ ಅಂತಹ ಹಾಲಿಲ್ಲ. ಹೂವನ್ನು ಬಿಡಿಸಿ ನೋಡಿದರಂತೂ ಇವುಗಳಿಗೆ ಹತ್ತಿರದ ನಂಟೇ ಕಾಣದು. ಕಡ್ಡಿಕಳ್ಳಿಯು ಹರಳುಗಿಡದ ಕುಟುಂಬಕ್ಕೆ ಸೇರಿದುದು. ಪಾಪಾಸುಕಳ್ಳಿಯು ಅಮೆರಿಕ ಖಂಡದಿಂದ ಬಂದ ಬೇರೊಂದು ಕುಟುಂಬದ್ದು. ಒಣನೆಲದಲ್ಲಿ ಬಾಳುವುದಕ್ಕಾಗಿ ಎರಡೂ ಕಾಂಡದಲ್ಲಿ ನೀರನ್ನು ಕೂಡಿಟ್ಟುಕೊಳ್ಳುವುದರಿಂದ ಹೊರರೂಪ ಮಾತ್ರ ಹೋಲುತ್ತದೆ.

ಸ್ವೀಡನ್ ದೇಶದ ಲಿನೇಯಸ್ ಪಂಡಿತನು 1753ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದೊಂದು ಸಸ್ಯಕ್ಕೂ ಎರಡು ಪದಗಳ ಹೆಸರನ್ನಿಟ್ಟನು. ಮೊದಲನೆಯದು ಕುಲವನ್ನು ಹೇಳುವುದು. ಎರಡನ್ನೂ ಕೂಡಿಸಿ ಓದಿದರೆ ಪ್ರಭೇದವು ತಿಳಿಯುವುದು. ಕಡ್ಡಿಕಳ್ಳಿಗೆ ಆತನಿಟ್ಟ ಹೆಸರು ಯುಫೋರ್ಬಿಯ ತಿರುಕಳ್ಳಿ. ಎರಡನೆಯ ಪದವು ಮಲೆಯಾಳದಿಂದ ಹೋದದ್ದು. ಲ್ಯಾಟಿನ್ ವೇಷದಲ್ಲಿಯೂ ನಮ್ಮ ಕಳ್ಳಿಯ ಗುರುತು ಸಿಕ್ಕುತ್ತದಲ್ಲವೇ!

ಈ ಚರ್ಚೆ ನಮಗೇಕೆಂದು ಕೆಲವರು ಕೇಳಬಹುದು. 1795ರಲ್ಲಿ ಕೆಂಪು ಬಣ್ಣದ ವ್ಯಾಪಾರದ ಆಸೆಯಿಂದ ಬ್ರೆಜಿಲ್ ದೇಶದ ಒಂದು ಕಳ್ಳಿಹುಳುವನ್ನು ಬಂಗಾಳಕ್ಕೆ ತಂದರು. ಬಂದದ್ದು ಒಳ್ಳೆಯ ಬಣ್ಣ ಕೊಡುವ ಡ್ಯಾಕ್ಟಿಲೋಪಿಯಸ್ ಕಾಕ್ಕಸ್ ಅಲ್ಲ. ಈಗ ಡ್ಯಾಕ್ಟಿಲೋಪಿಯಸ್ ಸಿಲೋನಿಕಸ್ ಎಂದು ಕರೆಯುವ ಅದರ ದಾಯಾದಿ. ಬಿಳಿಯ ಮೇಣದ ಹೊದಿಕೆ, ಹಿಸುಕಿದರೆ ಕೆಂಪು ರಸ—ಮೇಲುನೋಟಕ್ಕೆ ಎರಡೂ ಹೋಲುತ್ತವೆ. ಬಣ್ಣದ ವ್ಯಾಪಾರ ಕೆಟ್ಟಿತು. ಆದರೆ ಆ ಹುಳು ಓಪನ್ಷಿಯ ಮೊನಾಕಾಂಥ ಎಂಬ ಪಾಪಾಸುಕಳ್ಳಿಯ ರಸವನ್ನು ಹೀರಿ ಅದನ್ನು ಒಣಗಿಸಿತು.

ದಕ್ಷಿಣದ ಹೊಲ ಗೋಮಾಳಗಳನ್ನು ಆಕ್ರಮಿಸಿದ್ದ ಮತ್ತೊಂದು ಪಾಪಾಸುಕಳ್ಳಿ, ಓಪನ್ಷಿಯ ಡಿಲ್ಲೆನಿಯಾದರೋ, ಈ ಹುಳುವಿಗೆ ಜಗ್ಗಲಿಲ್ಲ. (ಇದನ್ನು ಈಗ ಅನೇಕರು ಓಪನ್ಷಿಯ ಸ್ಟ್ರಿಕ್ಟದಲ್ಲಿಯೇ ಸೇರಿಸುತ್ತಾರೆ, ಶಾಸ್ತ್ರದ ಹೆಸರೂ ಪರಿಶೀಲನೆಯಿಂದ ಬದಲಾಗುವುದುಂಟು.) ಕಳ್ಳಿಯೆಲ್ಲ ಒಂದೇ, ಹುಳುವೆಲ್ಲ ಒಂದೇ ಎಂದಿದ್ದರೆ ಪ್ರಯತ್ನವು ಅಲ್ಲಿಗೇ ಮುಗಿಯುತ್ತಿತ್ತು. ಪ್ರಭೇದಗಳನ್ನು ಬೇರ್ಪಡಿಸಿ ತಿಳಿದಿದ್ದುದರಿಂದ 1926ರಲ್ಲಿ ಸಿಂಹಳದಿಂದ ಡ್ಯಾಕ್ಟಿಲೋಪಿಯಸ್ ಓಪನ್ಷಿಯೆ ಎಂಬ ಬೇರೊಂದು ಹುಳುವನ್ನು ತರಿಸಿದರು. ಅದು ಹರಡಿದಂತೆಲ್ಲ ಕಳ್ಳಿ ಕೊಳೆತು ಬಿದ್ದು, ವಿಸ್ತಾರವಾದ ಭೂಮಿ ಮತ್ತೆ ನೇಗಿಲಿಗೂ ದನಗಳಿಗೂ ದಕ್ಕಿತು.

ಆದಕಾರಣ ಅಪರಿಚಿತವಾದ ಕಳೆಯನ್ನಾಗಲಿ ಕೀಟವನ್ನಾಗಲಿ ಕಂಡರೆ ಇಲಾಖೆಯವರಿಗೆ ಬರಿಯ ಊರುಹೆಸರನ್ನು ಹೇಳಿ ಕಳುಹಿಸಬೇಡಿರಿ. ಕಳೆಯನ್ನು ಹೂಕಾಯಿ ಸಹಿತ ಕಾಗದದ ನಡುವೆ ಒತ್ತಿ ಒಣಗಿಸಿ, ಊರು, ತಾರೀಖು, ಯಾವ ಬೆಳೆಯಲ್ಲಿ ಕಂಡಿತೆಂಬುದನ್ನು ಬರೆದು ಕೊಡತಕ್ಕದ್ದು. ಕೀಟವಾದರೆ, ಅದು ಕುಳಿತಿದ್ದ ಗಿಡದ ತುಂಡನ್ನೂ ಜೊತೆಗೇ ಕಟ್ಟಿರಿ.